‘ಮದ್ರಾಸಿ’ ಮತ್ತು ‘ಘಾಟಿ’: ಎರಡು ಹಣೆಪಟ್ಟಿಗಳ ನಡುವೆ ಮುಂಬಯಿ ಕನ್ನಡಿಗ

ಊರಿನಿಂದ ಮುಂಬಯಿಗೆ ಹೊರಟ ಹುಡುಗನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಮನೆಯ ಉಪ್ಪಿನಕಾಯಿ, ಸಂಬಂಧಿಕರ ವಿಳಾಸದ ಚೀಟಿ ಇರುತ್ತಿತ್ತು. ಅದರ ಜೊತೆಗೆ ಚೀಲದಲ್ಲಿ ಕಾಣದ ಇನ್ನೊಂದು ಗಂಟೂ ಇರುತ್ತಿತ್ತು. ‘ಅಲ್ಲಿಯ ಜನ ಒರಟರು, ಹೊರಗಿನವರನ್ನು ಕಂಡರೆ ಅವರಿಗೆ ಆಗದು, ಜಾಗ್ರತೆ ಮಗಾ’ ಎಂಬ ಹಿರಿಯರ ಎಚ್ಚರಿಕೆಯ ಗಂಟು ಅದು. ಬಟ್ಟೆ ಹರಿಯಿತು, ಉಪ್ಪಿನಕಾಯಿ ಮುಗಿಯಿತು. ಆದರೆ ಆ ಗಂಟನ್ನು ಬಿಚ್ಚಿ ನೋಡಲು ಹಲವರಿಗೆ ಅರ್ಧ ಆಯುಷ್ಯವೇ ಬೇಕಾಯಿತು.

ಎಚ್ಚರಿಕೆಗೆ ಕಾರಣವೇ ಇರಲಿಲ್ಲ ಎನ್ನುವಂತಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದಲ್ಲಿ ದಕ್ಷಿಣದವರೇ ಮೊದಲ ಗುರಿಯಾದರು. ಕಚೇರಿಗಳಲ್ಲಿ ಉನ್ನತ ಹುದ್ದೆಯಲ್ಲಿದ್ದ ದಕ್ಷಿಣ ಭಾರತೀಯರ ಹೆಸರುಗಳ ಪಟ್ಟಿಯನ್ನು ‘ಮಾರ್ಮಿಕ್’ ವಾರಪತ್ರಿಕೆ ಪ್ರಕಟಿಸುತ್ತಿತ್ತು. ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿತ್ತು. ತುಳುವ, ಕನ್ನಡಿಗ, ತಮಿಳ, ಮಲಯಾಳಿ ಎಂಬ ಭೇದವಿಲ್ಲದೆ ಎಲ್ಲರಿಗೂ ‘ಮದ್ರಾಸಿ’ ಎಂಬ ಒಂದೇ ಹಣೆಪಟ್ಟಿ. ಆ ದಿನಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ಅದನ್ನು ಮರೆಯಲಿಲ್ಲ. ಮರೆಯಬೇಕೆಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ಹಣೆಪಟ್ಟಿ ಹಚ್ಚುವ ಕೆಲಸ ಒಂದೇ ಕಡೆಯಿಂದ ನಡೆದದ್ದೂ ಅಲ್ಲ. ಸಹ್ಯಾದ್ರಿಯ ಘಟ್ಟ ಇಳಿದು ಗಿರಣಿಗಳಿಗೆ, ಗೋದಿಗಳಿಗೆ ಕೂಲಿಗೆ ಬಂದ ಮರಾಠಿ ಬಡವರನ್ನು ಈ ನಗರ ‘ಘಾಟಿ’ ಎಂದು ಹೀಗಳೆಯಿತು. ಆ ಮಾತನ್ನು ಕಲಿತವರಲ್ಲಿ ಕನ್ನಡಿಗರೂ ಇದ್ದಾರೆ. ಊರಿನಲ್ಲಿ ‘ಘಟ್ಟದವರು’ ಎಂದು ಮೂಗು ಮುರಿದು ಅಭ್ಯಾಸವಿದ್ದ ಕರಾವಳಿಯವರ ನಾಲಿಗೆಗೆ ಅದು ಸುಲಭವಾಗಿಯೇ ಒಗ್ಗಿತು. ‘ಮದ್ರಾಸಿ’ ಎಂದರೆ ನೋಯುವ ಮನೆಗಳಲ್ಲೇ ‘ಘಾಟಿ’ ಎಂಬ ಮಾತು ನಗೆಯಾಗಿ ಸಾಗಿತು.

1967ರ ಉತ್ತರ

ಮುಂಬಯಿಯ ಜನ ಹೊರಗಿನವರನ್ನು ಒಪ್ಪುವುದೇ ಇಲ್ಲ ಎಂಬ ಮಾತಿಗೆ ಬಲವಾದ ಉತ್ತರ ಸಿಕ್ಕಿದ್ದು, ಆ ಮಾತು ಅತಿ ಜೋರಾಗಿ ಕೇಳಿಬರುತ್ತಿದ್ದ ಕಾಲದಲ್ಲೇ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕಿಕೊಂಡು ಈ ನಗರಕ್ಕೆ ಬಂದಾಗ ಚೌಪಾಟಿಯಲ್ಲಿ ರಾತ್ರಿ ಕಳೆದವರು. ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುತ್ತ, ಗೋದಿ ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಒಡನಾಟದಲ್ಲಿ ಕಾರ್ಮಿಕ ಚಳವಳಿಗೆ ಇಳಿದರು. ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆ ಕಾರ್ಮಿಕರನ್ನೂ ಸಂಘಟಿಸಿದರು. ಅವರ ಮರಾಠಿ ಪುಸ್ತಕದಿಂದ ಬಂದದ್ದಲ್ಲ, ಕಾರ್ಮಿಕರ ನಡುವೆ ಬೆಳೆದದ್ದು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯ ಮತದಾರರು, ನಗರದ ಕಿರೀಟವಿಲ್ಲದ ರಾಜ ಎನಿಸಿದ್ದ ಕೇಂದ್ರ ಸಚಿವ ಸ. ಕಾ. ಪಾಟೀಲರನ್ನು ಸೋಲಿಸಿ ಮಂಗಳೂರಿನ ಈ ಯುವಕನನ್ನು ದಿಲ್ಲಿಗೆ ಕಳುಹಿಸಿದರು.

ಅದೇ ಚುನಾವಣೆಯಲ್ಲಿ ಈಶಾನ್ಯ ಮುಂಬಯಿಯಲ್ಲಿ ಕೇರಳದ ವಿ. ಕೆ. ಕೃಷ್ಣ ಮೆನನ್ ಸೋತರು. ಹೊರಗಿನವರು ಎಂಬ ಪ್ರಚಾರ ಅವರ ವಿರುದ್ಧ ನಡೆದಿತ್ತು. ಒಂದೇ ನಗರ, ಒಂದೇ ವರ್ಷ, ಎರಡು ತೀರ್ಪು. ಒಂದಿಡೀ ಜನತೆಗೆ ಒಂದೇ ಸ್ವಭಾವ ಹಚ್ಚುವುದು ಎಷ್ಟು ತಪ್ಪು ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಮುಂದೆ 1989-90ರಲ್ಲಿ ಜಾರ್ಜ್ ರೈಲ್ವೆ ಸಚಿವರಾಗಿದ್ದಾಗ ಹಣಕಾಸು ಸಚಿವರಾಗಿದ್ದವರು ಕೊಂಕಣದ ರಾಜಾಪುರವನ್ನು ಪ್ರತಿನಿಧಿಸುತ್ತಿದ್ದ ಮಧು ದಂಡವತೆ. ಒಬ್ಬರು ಮಂಗಳೂರಿಗರು, ಇನ್ನೊಬ್ಬರು ಮರಾಠಿಗರು. ಕೊಂಕಣ ರೈಲ್ವೆಯ ಕನಸು ನನಸಾಗುವ ದಾರಿ ಹಿಡಿದದ್ದು ಇವರಿಬ್ಬರ ಕಾಲದಲ್ಲಿ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ 741 ಕಿ.ಮೀ. ಉದ್ದದ ಈ ಮಾರ್ಗ 1998ರಲ್ಲಿ ಪೂರ್ಣವಾಗಿ ತೆರೆಯಿತು. ಇಂದು ಊರ ಕೋಲಕ್ಕೆ, ನೇಮಕ್ಕೆ, ಮದುವೆಗೆ ಹೊರಡುವ ಮುಂಬಯಿ ತುಳು-ಕನ್ನಡಿಗರು ಈ ಇಬ್ಬರ ಋಣದ ಹಳಿಯ ಮೇಲೆಯೇ ಸಾಗುತ್ತಾರೆ.

ಎಲೆಯೂ, ಪಾಟಿಯೂ

ನೆಲೆ ಸಿಕ್ಕಿದ್ದು ಚುನಾವಣೆಯಿಂದ ಮಾತ್ರವಲ್ಲ. 1942ರಲ್ಲಿ ಎ. ರಾಮ ನಾಯಕ್ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಊಟದ ಮನೆಗಳಲ್ಲಿ ಮರಾಠಿಗ, ಗುಜರಾತಿ, ತಮಿಳ ಒಂದೇ ಸಾಲಿನಲ್ಲಿ ಬಾಳೆಲೆಯ ಮುಂದೆ ಕುಳಿತರು. ಇಡ್ಲಿ-ವಡೆಯ ಹೊಟೇಲುಗಳು ಮಿಸಳ್, ಪಾವ್‌ಭಾಜಿ ಮಾಡಲು ಕಲಿತವು. ಗಿರಾಕಿಯ ಬಾಯಲ್ಲಿ ‘ಮದ್ರಾಸಿ’ ಹೋಗಿ ‘ಅಣ್ಣಾ’ ಬಂತು.

ಹಗಲು ಟೇಬಲ್ ಒರೆಸಿದ ಹುಡುಗರು ರಾತ್ರಿ ಪಾಟಿ ಹಿಡಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ (1902), ಮೈಸೂರು ಅಸೋಸಿಯೇಶನ್ (1926), ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಶನ್ (1932) ಮೊದಲಾದ ಸಂಸ್ಥೆಗಳು ಪರಸ್ಥಳದಲ್ಲಿ ಊರಿನ ಆಸರೆಯಾದವು. ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಶಾಲೆಯಂಥ ಶಾಲೆಗಳು ಅಕ್ಷರ ಕೊಟ್ಟವು. ನಗರಪಾಲಿಕೆಯೂ ಮರಾಠಿಯ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿತು. ‘ಹೊರಗಿನವರ’ ಮಕ್ಕಳಿಗೆ ಅವರ ಭಾಷೆಯಲ್ಲೇ ಪಾಠ ಹೇಳಿಸಿದ ಔದಾರ್ಯವೂ ಇದೇ ನಗರದ್ದು.

ಗೋಕರ್ಣದಿಂದ ಬಂದು ಎರಡು ದಶಕಕ್ಕೂ ಹೆಚ್ಚು ಕಾಲ ಇಲ್ಲಿದ್ದ ಜಯಂತ ಕಾಯ್ಕಿಣಿ ಆ ಜನರನ್ನು ದೂರದಿಂದ ನೋಡಲಿಲ್ಲ. ‘ದಗಡೂ ಪರಬನ ಅಶ್ವಮೇಧ’ ಎಂಬ ಕನ್ನಡ ಕಥೆಯ ಹೆಸರಿನಲ್ಲೇ ಒಬ್ಬ ಮರಾಠಿ ಬಡವನಿದ್ದಾನೆ. ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದವು. ‘ಘಾಟಿ’ ಎಂಬ ಮಾತಿನ ಹಿಂದಿನ ಮನುಷ್ಯನನ್ನು ಕನ್ನಡಿಗರಿಗೆ ಪರಿಚಯಿಸಿದ್ದು ಅವುಗಳ ಇನ್ನೂ ದೊಡ್ಡ ಸಾಧನೆ.

ಮಾತು ತಿಳಿಯದ ದಾಂಪತ್ಯ

ಸಂತ ತುಕಾರಾಮರ ಅಭಂಗವೊಂದರಲ್ಲಿ ಕನ್ನಡದ ಹೆಂಡತಿ, ಮರಾಠಿ ಗಂಡನ ಪ್ರಸಂಗ ಬರುತ್ತದೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಅವಳು ಕರೆದರೆ ಅವನು ಇನ್ನೇನೋ ಎಂದುಕೊಂಡು ಓಡುತ್ತಾನೆ. ಅದೇ ವಾರಕರಿ ಪರಂಪರೆಯ ಜ್ಞಾನೇಶ್ವರರು ಪಂಢರಪುರದ ವಿಠ್ಠಲನನ್ನು ಕನ್ನಡದವನೆಂದೇ ಕರೆದಿದ್ದಾರೆ. ದೇವರು ಕನ್ನಡದವನಾದರೂ ಮರಾಠಿ ಭಕ್ತನಿಗೆ ಅಡ್ಡಿಯಾಗಲಿಲ್ಲ. ದಂಪತಿಗೆ ಅಡ್ಡಿಯಾದದ್ದು ಪರಸ್ಪರ ಮಾತು ಕಲಿಯದಿರುವುದು.

ಈ ಮಾತಿಗೆ ಇಂದಿಗೂ ಬೆಲೆಯಿದೆ. 2022ರ ಕೊನೆಗೆ ಗಡಿ ವಿವಾದ ಭುಗಿಲೆದ್ದು ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಳಿದಾಗ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಹಳೆಯ ಆತಂಕ ಮರಳಿತು. 2025ರಲ್ಲಿ ಮೀರಾರೋಡಿನಲ್ಲಿ ಮರಾಠಿಯ ಹೆಸರಿನಲ್ಲಿ ಅಂಗಡಿಯವರೊಬ್ಬರ ಮೇಲೆ ಕೈ ಮಾಡಿದ್ದು ಖಂಡನೀಯ. ಹೊಡೆತದಿಂದ ಯಾವ ಭಾಷೆಯೂ ಬೆಳೆದದ್ದಿಲ್ಲ. ಆದರೆ ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ಬಯಸುವ ಕನ್ನಡಿಗ, ತಾನು ಮೂರು ತಲೆಮಾರು ಉಂಡ ನೆಲದ ಮರಾಠಿಯನ್ನು ಎಷ್ಟು ಕಲಿತೆ ಎಂದು ತನ್ನನ್ನೇ ಕೇಳಿಕೊಳ್ಳುವುದು ನ್ಯಾಯ. ಹಲವರು ಚೆನ್ನಾಗಿಯೇ ಕಲಿತಿದ್ದಾರೆ. ಕಲಿಯದೆ ಹಿಂದಿಯಲ್ಲೇ ದಿನ ಕಳೆದವರೂ ಕಡಿಮೆಯಿಲ್ಲ.

ಮುಂಬಯಿಯ ಕನ್ನಡ ಸಂಘಗಳು ನವೆಂಬರ್ 1ರಂದು ರಾಜ್ಯೋತ್ಸವ ಆಚರಿಸುತ್ತವೆ. ಅಂದು ಅದೇ ಕಟ್ಟಡದ ಮರಾಠಿ ನೆರೆಯವರೂ ಸಭಿಕರಾಗಿ ಬರಲಿ. ಫೆಬ್ರವರಿ 27ರ ಮರಾಠಿ ಭಾಷಾ ದಿನದಂದು ಸಂಘದ ಸದಸ್ಯರೂ ನೆರೆಯವರ ಸಭೆಗೆ ಹೋಗಲಿ. ಜನ್ಮಭೂಮಿಯಿಂದ ಹೊತ್ತು ತಂದ ಎಚ್ಚರಿಕೆಯ ಗಂಟನ್ನು ಕರ್ಮಭೂಮಿಯಲ್ಲಿ ಹುಟ್ಟಿದ ಮಕ್ಕಳ ಹೆಗಲಿಗೆ ದಾಟಿಸದಿದ್ದರೆ, ಇಲ್ಲಿ ನೆಲೆ ಕಂಡ ಹಿರಿಯರ ದುಡಿಮೆ ಸಾರ್ಥಕವಾದೀತು.