ನಿಮಗಿದು ಗೊತ್ತೆ? ಕಾರಿನ ಮೀಟರಿಗೆ ನೀಲಿ ಬೆಳಕು

ಪೆದ್ದಕಡುಬೂರಿನಿಂದ ಆದೋನಿಯ ಹತ್ತಿ ಮಾರುಕಟ್ಟೆಗೆ ಇರುಳಿನಲ್ಲಿ ಕಾರು ನಡೆಸುವವನ ಕಣ್ಣೆದುರು ಹಸಿರಾಗಿಯೋ ಕಿತ್ತಳೆಯಾಗಿಯೋ ಬೆಳಗುವ ಮೀಟರನ್ನು ಬಿಚ್ಚಿ, ಒಳಗಿನ ಎಲ್‌ಇಡಿಗಳನ್ನು ಬದಲಿಸಿ, ನೀಲವರ್ಣಕ್ಕೆ ತಿರುಗಿಸಿಕೊಳ್ಳುವುದು ಇಂದು ಸುಲಭಸಾಧ್ಯವೆನಿಸಿದ್ದರೂ, 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿಯನ್ನು ನಿರ್ಮಿಸಿದ ತರುವಾಯ ಉಜ್ಜ್ವಲವಾದ ನೀಲಿಯು ಸಿದ್ಧಿಸಲು ಮೂರು ದಶಕಗಳೇ ಬೇಕಾದುವು; ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಕೆಂಪಿಗೆ ಸುಮಾರು 2 ವೋಲ್ಟ್ ಸಾಲುವಲ್ಲಿ ನೀಲಿಗೆ ಸುಮಾರು 3 ವೋಲ್ಟ್ ಬೇಕಾಗುವುದರಿಂದ, ಜೊತೆಗಿರುವ ರೆಸಿಸ್ಟರನ್ನೂ ಗಣಿಸಿ ಬದಲಿಸತಕ್ಕದ್ದು. ಧನ–ಋಣಗಳು ವ್ಯತ್ಯಸ್ತವಾದರೆ ಬೆಳಕೇ ಹೊರಡದು. ಡಯಲಿನ ಹಾಳೆಗೇ ಬಣ್ಣ ಮುದ್ರಿತವಾಗಿದ್ದಲ್ಲಿ, ಎಲ್‌ಇಡಿಯನ್ನು ಬದಲಿಸಿದ ಮಾತ್ರಕ್ಕೆ ಬಯಸಿದ ವರ್ಣವು ದೊರೆಯುವುದಿಲ್ಲ. ಆದರೆ ಅತ್ಯಂತ ನಾಜೂಕಾದ ಕಾರ್ಯವೆಂದರೆ ಮುಳ್ಳನ್ನು ಕೀಳುವುದು: ಅದರ ಮೂಲಸ್ಥಾನವನ್ನು ಮೊದಲೇ ಗುರುತಿಸಿಡದೆ ಕಿತ್ತು, ಮರಳಿ ಕೂರಿಸುವಾಗ ಕಿಂಚಿತ್ ಓರೆಯಾದರೂ, ಅಂದಿನಿಂದ ಆ ಮೀಟರು ತೋರುವ ವೇಗವೆಲ್ಲವೂ ಅಸತ್ಯವೇ; ಇದನ್ನು ಅಲಂಕಾರದ ಮಾತೆಂದು ಹಗುರವಾಗಿ ಎಣಿಸಲಾಗದು.

ಇರುಳಿಗೆ ಹೊಂದಿಕೊಂಡ ಕಣ್ಣಿನ ದಂಡಕೋಶಗಳು ಗಾಢವಾದ ಕೆಂಪಿಗೆ ಬಹುಮಟ್ಟಿಗೆ ಜಡವಾಗಿದ್ದು, ನೀಲಿಗೆ ತೀವ್ರವಾಗಿ ಸ್ಪಂದಿಸುವುದರಿಂದ, ಪ್ರಖರವಾದ ನೀಲಿ ಬೆಳಕು ಕತ್ತಲೆಯ ರಸ್ತೆಯನ್ನು ಕಾಣುವ ಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ಅದನ್ನು ಮಂದವಾಗಿಡುವುದೇ ಯುಕ್ತ. ಹೈಬೀಮಿನ ನೀಲಿ, ಅಪಾಯದ ಕೆಂಪು, ಎಚ್ಚರಿಕೆಯ ಹಳದಿ, ಈ ಸೂಚಕದೀಪಗಳು ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದವು, ಇವನ್ನು ಮುಟ್ಟಲಾಗದು.