ಬಾಣಂತಿ ಕೋಣೆಯ ನಡುದಾರಿ

ಹಸುವಿನ ಗಿಣ್ಣನ್ನು ಬಾಯಿ ಚಪ್ಪರಿಸಿ ತಿನ್ನುವ ನಮ್ಮ ಅನೇಕ ಮನೆಗಳಲ್ಲೇ ಬಾಣಂತಿಯ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದುದು ವಿಚಿತ್ರ. ಮಗುವಿನ ನಾಲಿಗೆಗೆ ಸೋಕುತ್ತಿದ್ದುದು ಜೇನುತುಪ್ಪ. ಆದರೆ ಸೋಂಕು ತಡೆಯುವ ಅಂಶಗಳು ಹೇರಳವಾಗಿರುವುದು ಆ ಹಳದಿ ಹಾಲಿನಲ್ಲೇ. ಹುಟ್ಟಿದ ಗಂಟೆಯೊಳಗೆ ಹಾಲೂಡಿಸಿ, 6 ತಿಂಗಳು ನೀರನ್ನೂ ಕೊಡಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ತುಂಬದ ಕೂಸಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿಗುಂದಿಸುವ ಕಾಯಿಲೆ ತಗಲಬಹುದು. ಕಾಡಿಗೆಯಲ್ಲಿ ಸೀಸವಿದ್ದರೆ ಅದೂ ವಿಷವೇ.

ಹಾಗೆಂದು ಅಜ್ಜಿಯನ್ನು ಕೋಣೆಯಿಂದಾಚೆ ಕಳಿಸಬೇಕಿಲ್ಲ. ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹದವಾಗಿ ಎಣ್ಣೆ ನೀವುವ ಆಕೆಯ ಕೈಗೆ ಬದಲಿಲ್ಲ. ಕಡಿಮೆ ತೂಕದ ಶಿಶುವನ್ನು ತಾಯಿಯ ಎದೆಗಪ್ಪಿಸಿ ಬೆಚ್ಚಗಿಡುವ ಪದ್ಧತಿಯನ್ನು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದ ವೈದ್ಯರೇ ರೂಢಿಗೆ ತಂದರು. ಕಿವಿ, ಮೂಗಿಗೆ ಎಣ್ಣೆ ಬಿಡುವುದು ಬೇಡ; ಲಸಿಕೆಯ ದಿನ ತಪ್ಪಿಸುವುದೂ ಬೇಡ.