ಸೀರೆ ಉಟ್ಟ ಗಂಡಸು: ನಗು ಯಾರ ಮೇಲೆ?

ಗಂಡಸು ಸೀರೆ ಉಟ್ಟು ರಂಗಸ್ಥಳಕ್ಕೆ ಬರುವುದು ನಮ್ಮ ಕಾಸರಗೋಡಿನ ಜನರಿಗೆ ಹೊಸ ಸಂಗತಿಯಲ್ಲ. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಕಂಡವರಾರಿಗೂ ಅದು ಹೆಂಗಸರ ಅಣಕವೆಂದು ತೋರಿರಲಾರದು. ಆದರೆ ಅದೇ ಸೀರೆ ದೂರದರ್ಶನದ ನಗೆ ಕಾರ್ಯಕ್ರಮದಲ್ಲಿ, ಕೆಂಪು ತುಟಿಬಣ್ಣ, ಓರೆಯಾದ ಕೃತಕ ಕೂದಲಿನೊಡನೆ ಬಂದಾಗ ಮನೆಯೊಳಗೆ ತಕರಾರು ಏಳುತ್ತದೆ. ಇದು ಸ್ತ್ರೀಯರ ಅವಹೇಳನವೆಂದು ಮಗಳು, ನಕ್ಕು ಬಿಡುವುದಕ್ಕೇನು ಕಷ್ಟವೆಂದು ತಂದೆ. ಈ ತಕರಾರಿಗೆ ಸ್ವಲ್ಪ ಬೆಳಕು ಬೀಳಬೇಕಿದ್ದರೆ ಸೇಲಂ, ಧರ್ಮಪುರಿ ಜಿಲ್ಲೆಗಳ ತೆರುಕೂತ್ತನ್ನು ಒಮ್ಮೆ ನೋಡಬೇಕು.

ಆ ಸೀಮೆ ನಮಗೆ ಪೂರ್ತಿ ಪರಕೀಯವೇನಲ್ಲ. 1965ರಲ್ಲಿ ಸೇಲಂನಿಂದ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆಗಳ ಕಡೆ ಮನೆಮಾತು ಕನ್ನಡವಾಗಿರುವ, ಶಾಲೆ ಕಚೇರಿಗಳಲ್ಲಿ ತಮಿಳನ್ನು ಎದುರಿಸುವ ಜನ ಇಂದಿಗೂ ಇದ್ದಾರೆ. ಅವರ ಪಾಡು ನಮಗೆ ವಿವರಿಸಿ ಹೇಳಬೇಕಾದುದಲ್ಲ.

ಅಲ್ಲಿನ ದ್ರೌಪದಿ ಅಮ್ಮನ ಗುಡಿಗಳಲ್ಲಿ ಬೇಸಗೆಯ ಹೊತ್ತಿಗೆ ಭಾರತದ ಉತ್ಸವ ನಡೆಯುತ್ತದೆ. ಹಗಲು ಮಹಾಭಾರತದ ಪ್ರವಚನ, ರಾತ್ರಿಯಿಡೀ ಕೂತ್ತು. ಮರದ ಕಿರೀಟ, ಮರದ ಭುಜಕೀರ್ತಿ, ಮೃದಂಗ, ಮುಖವೀಣೆ, ಹಾರ್ಮೋನಿಯಂ. ನಮ್ಮ ತೆಂಕುತಿಟ್ಟಿನ ಆಟ ನೋಡಿ ಬೆಳೆದವನಿಗೆ ದಾಯಾದಿಯ ಮನೆಗೆ ಹೋದಂತಾದೀತು. ಪಾತ್ರಧಾರಿಗಳೆಲ್ಲ ಗಂಡಸರೆಂಬುದೇ ಅಲ್ಲಿನ ವಾಡಿಕೆ. ದ್ರೌಪದಿಯೂ ಗಂಡಸೇ. ಆದರೆ ವಸ್ತ್ರಾಪಹರಣದ ರಾತ್ರಿ ಆ ಗಂಡಸನ್ನು ಯಾರೂ ಗಂಡಸೆಂದು ಕಾಣುವುದಿಲ್ಲ. ಸೀರೆಗೆ ಕೈ ಹಾಕುವುದಕ್ಕೆ ಮುಂಚೆ ಕರ್ಪೂರ ಬೆಳಗಿಸಲಾಗುತ್ತದೆ. ದುಶ್ಶಾಸನನ ವೇಷದವನು ತಾನು ಮಾಡಲಿರುವ ಪಾಪಕ್ಕಾಗಿ ಅಮ್ಮನಲ್ಲಿ ಕ್ಷಮೆ ಬೇಡುವುದುಂಟು. ಆವೇಶ ಬಂದು ಕುಸಿದು ಬೀಳುವುದೂ ಉಂಟು. ನೆರೆದ ಹೆಂಗಸರು ಕೈಮುಗಿಯುತ್ತಾರೆ. ಹದಿನೆಂಟನೆಯ ದಿನದ ಯುದ್ಧಕ್ಕೆ ಬಯಲಿನಲ್ಲಿ ಮಣ್ಣಿನಿಂದ ದುರ್ಯೋಧನನ ಬೃಹದಾಕಾರವನ್ನು ಮಲಗಿಸಿ, ಅದರ ತೊಡೆ ಮುರಿದ ಬಳಿಕ ದ್ರೌಪದಿ ಬಿಚ್ಚಿದ ಮುಡಿಯನ್ನು ಕಟ್ಟುತ್ತಾಳೆ.

ಇದು ಆಟದ ಒಂದು ಮುಖ. ಇನ್ನೊಂದು ಮುಖದಲ್ಲಿ ಕಟ್ಟಿಯಕಾರನಿದ್ದಾನೆ. ನಮ್ಮ ಹಾಸ್ಯಗಾರನ ತಮ್ಮನೆನ್ನಿ. ರಾಜನ ಬಾಗಿಲು ಕಾಯುವವನೂ ಅವನೇ, ರಾಜನನ್ನು ಗೇಲಿ ಮಾಡುವವನೂ ಅವನೇ. ಬೇಕಾದಾಗ ದಾಸಿಯೋ ಮುದುಕಿಯೋ ಆಗಿ ಬರುವವನೂ ಅವನೇ. ಅವನ ಮಾತು ಅನೇಕ ಸಲ ಮರ್ಯಾದೆಯ ಗೆರೆಯನ್ನು ದಾಟುತ್ತದೆ. ದಪ್ಪ ಹೆಂಡತಿ, ಕಪ್ಪು ಹೆಂಡತಿ, ಬಾಯಾಳಿ ಹೆಂಡತಿ ಎಂಬ ಸವಕಲು ನಗೆಮಾತುಗಳು ಅಲ್ಲೂ ಇವೆ. ಜನಪದ ಕಲೆಯೆಂಬ ಒಂದೇ ಕಾರಣಕ್ಕೆ ಇದನ್ನೆಲ್ಲ ಸಮರ್ಥಿಸುವವರಿದ್ದಾರೆ. ಆ ವಾದವನ್ನು ನಾನು ಒಪ್ಪಲಾರೆ. ಹಳತಾದ ಮಾತ್ರಕ್ಕೆ ಅಣಕ ಅಣಕವಲ್ಲದೆ ಹೋಗದು.

ಹಾಗೆಂದು ಸೀರೆಯೇ ದೋಷಿಯೆನ್ನುವುದೂ ಸರಿಯಲ್ಲ. ಕೀಚಕವಧೆಯನ್ನು ನೆನೆಯಿರಿ. ಕತ್ತಲ ನಾಟ್ಯಶಾಲೆಯಲ್ಲಿ ಸೈರಂಧ್ರಿಯ ಸೀರೆಯುಟ್ಟು ಕುಳಿತ ಭೀಮನನ್ನು ಕಂಡು ನಗದವರುಂಟೆ? ಮೀಸೆಯ ಮೇಲೆ ಸೆರಗು ಎಳೆದುಕೊಳ್ಳುವುದು, ಗದೆ ಹಿಡಿಯುವ ಕೈಯಲ್ಲಿ ಬಳೆ! ಆದರೆ ಆ ನಗೆಯ ಪೆಟ್ಟು ಬೀಳುವುದು ಕೀಚಕನ ಬೆನ್ನಿಗೆ. ಹೆಂಗಸಿನ ಮಾನದ ಪರವಾಗಿ ಉಟ್ಟ ಸೀರೆ ಅದು. ಅದೇ ಬಟ್ಟೆಯನ್ನು ಹೆಂಗಸಿನ ಮೈಯನ್ನು, ನಡೆಯನ್ನು, ವಯಸ್ಸನ್ನು ಹಾಸ್ಯಕ್ಕೆ ಗುರಿಮಾಡಲೆಂದು ಉಟ್ಟರೆ ಅದು ಬೇರೆಯೇ ವ್ಯಾಪಾರ.

ಸಿನಿಮಾ ಬಂದ ಮೇಲೆ ಹೆಂಗಸರು ತೆರೆಗೆ ಬಂದರು. ಮೊದಲ ಮಲಯಾಳ ವಾಕ್ಚಿತ್ರ 'ಬಾಲನ್' 1938ರಲ್ಲಿ ತಯಾರಾದುದು ಕೇರಳದಲ್ಲಲ್ಲ, ಟಿ. ಆರ್. ಸುಂದರಂ ಅವರು ಸೇಲಂನಲ್ಲಿ ಸ್ಥಾಪಿಸಿದ ಮಾಡರ್ನ್ ಥಿಯೇಟರ್ಸ್‌ನಿಂದ; ಅದರಲ್ಲಿ ಎಂ. ಕೆ. ಕಮಲಂ ನಾಯಕಿ. ಸ್ತ್ರೀಪಾತ್ರಕ್ಕೆ ಸ್ತ್ರೀಯೇ ಸಿಕ್ಕ ಬಳಿಕ ಗಂಡಸು ಸೀರೆ ಉಡುವ ಅಗತ್ಯ ಉಳಿದದ್ದು ನಗಿಸುವುದಕ್ಕೆ ಮಾತ್ರ. ನಾಟಕದಲ್ಲಿ ಟಿ. ಕೆ. ಷಣ್ಮುಗಂ ಅವರು ಔವೈಯಾರ್ ಪಾತ್ರವನ್ನು ಎಷ್ಟು ಗೌರವದಿಂದ ಮಾಡಿದರೆಂದರೆ ಜನ ಅವರನ್ನು ಔವೈ ಷಣ್ಮುಗಂ ಎಂದೇ ಕರೆದರು. ಆ ಹೆಸರನ್ನೇ ತಿರುಚಿ 1996ರಲ್ಲಿ ಕಮಲಹಾಸನ್ 'ಔವೈ ಷಣ್ಮುಗಿ'ಯಾದರು. ಅದು ನಗೆಚಿತ್ರವಾದರೂ ಮುದುಕಿಗೆ ಘನತೆಯಿತ್ತು. ದೂರದರ್ಶನದವರು ಘನತೆಯನ್ನು ಬಿಟ್ಟು ಸೀರೆಯನ್ನು ಮಾತ್ರ ಉಳಿಸಿಕೊಂಡರು. ರಾತ್ರಿಯಿಡೀ ನಡೆಯುವ ಕೂತ್ತಿನಿಂದ ಕಟ್ಟಿಯಕಾರನ ಹತ್ತು ನಿಮಿಷವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಅದೇ. ದ್ರೌಪದಿಯಿಲ್ಲದ ರಂಗದಲ್ಲಿ ಅಣಕಕ್ಕೆ ತಡೆಯೇ ಇರುವುದಿಲ್ಲ.

ಈ ಚರ್ಚೆಯಲ್ಲಿ ನೋವುಣ್ಣುವವರು ಹೆಂಗಸರು ಮಾತ್ರವೂ ಅಲ್ಲ. ತಮಿಳಿನಲ್ಲಿ 'ಕೂತ್ತಾಡಿ' ಎಂಬುದೊಂದು ಬೈಗುಳ. ರಾತ್ರಿ ಅಮ್ಮನಾಗಿ ಕೈಮುಗಿಸಿಕೊಂಡವನು ಬೆಳಗಾದ ಮೇಲೆ ಚಹದಂಗಡಿಯಲ್ಲಿ ಆ ಮಾತನ್ನು ಕೇಳಬೇಕಾಗುತ್ತದೆ. ಕೇರಳದಲ್ಲಿ 2005ರ 'ಚಾಂದುಪೊಟ್ಟ್' ಚಿತ್ರದ ಹೆಸರು ಮೆಲುನಡೆಯ ಹುಡುಗರನ್ನು ಚುಚ್ಚುವ ಮಾತಾಯಿತು. ನಮ್ಮ ಶಾಲೆಗಳ ಅಂಗಳದಲ್ಲೂ ಅದು ಕೇಳಿಬಂದಿರುವುದನ್ನು ಉಪಾಧ್ಯಾಯರು ಬಲ್ಲರು. ಹೆಣ್ಣಿನಂತೆ ಇರುವುದೇ ನಗೆಪಾಟಲು ಎಂದು ಒಪ್ಪಿಕೊಂಡಲ್ಲದೆ ಇಂಥ ಬೈಗುಳ ಹುಟ್ಟದು.

ಇಷ್ಟರ ನಡುವೆ ಹೆಂಗಸರೇ ವೇಷ ಕಟ್ಟತೊಡಗಿದ್ದಾರೆ. ಕಾಂಚೀಪುರದ ಬಳಿ ಪಿ. ರಾಜಗೋಪಾಲ್, ಹನ್ನೆ ಡಿ ಬ್ರೂಯಿನ್ ದಂಪತಿಗಳು 2002ರಲ್ಲಿ ತೆರೆದು 2020ರ ವರೆಗೆ ನಡೆಸಿದ ಕಟ್ಟೈಕೂತ್ತು ಗುರುಕುಲದಲ್ಲಿ ಹುಡುಗಿಯರೂ ಹುಡುಗರ ಜೊತೆಗೆ ಕಲಿತರು. ಮರದ ಕಿರೀಟ ಹೊತ್ತು ಪುರುಷವೇಷಗಳನ್ನು ಮಾಡಿದರು. ನಮ್ಮಲ್ಲೂ ಮಹಿಳಾ ಯಕ್ಷಗಾನ ತಂಡಗಳಿವೆ. ಮೀಸೆ ಅಂಟಿಸಿಕೊಂಡು ಅಟ್ಟಹಾಸ ಮಾಡುವ ಹುಡುಗಿಯನ್ನು ಕಂಡು ಗಂಡಸರ ಅವಹೇಳನವಾಯಿತೆಂದು ದೂರಿದವರನ್ನು ನಾನು ಈ ತನಕ ಕಂಡಿಲ್ಲ. ಕಟ್ಟಿಯಕಾರನ ಕೋಲು ಒಂದು ರಾತ್ರಿ ಹೆಂಗಸಿನ ಕೈಗೆ ಬಂದು, ಬಾಯಾಳಿ ಹೆಂಡತಿಯ ಬದಲು ಕುಡುಕ ಗಂಡನ ಸರದಿ ಬಂದರೆ ಮುಂದಿನ ಸಾಲಿನ ಗಂಡಸರು ಎಷ್ಟು ನಗುತ್ತಾರೋ ನೋಡಬೇಕು.